ಕೆಳಹಲ್ಲಿನ ಗುಮಾನಿ

ಮೊಮ್ಮಗನ ಹಾಲುಹಲ್ಲು ಬಿದ್ದ ದಿನದಿಂದ ಮಗಳಿಗೆ ನನ್ನ ಮೇಲೆ ಸಣ್ಣ ಸಿಟ್ಟು. ಹುಡುಗ ಶಾಲೆಯಿಂದ ಬಂದು ಚೀಲ ಕೆಳಗಿಡುವಷ್ಟರಲ್ಲಿ ನಾನು ಅವನ ಎದುರು ಕುಕ್ಕರುಗಾಲಿನಲ್ಲಿ ಕೂತು, "ಎಲ್ಲಿ, ಒಮ್ಮೆ ಹಲ್ಲು ಕಚ್ಚು ನೋಡುವ" ಅನ್ನುತ್ತೇನೆ. ಅವನು ಕಚ್ಚಿ ತೋರಿಸುತ್ತಾನೆ. ಮೇಲಿನ ಹಲ್ಲು ಮುಂದೆ, ಕೆಳಗಿನದು ಹಿಂದೆ. ಇರಬೇಕಾದ ಹಾಗೆಯೇ ಉಂಟು. ಮರುದಿನ ಮತ್ತೆ ನೋಡುತ್ತೇನೆ. ಬೆಳಗಾಗುವುದರೊಳಗೆ ಏನಾದರೂ ಅತ್ತಿತ್ತ ಜರುಗಿರಬಹುದು ಎಂದು ಗುಮಾನಿ.

"ಅಮ್ಮ, ಚೆಕ್‌ಪೋಸ್ಟಿನವರ ಹಾಗೆ ಮಾಡ್ಬೇಡಿ. ಮಗು ಹೆದರ್ತದೆ" ಎಂದು ಮಗಳು ಗದರಿಸಿದಳು.

ಹೆದರುವುದು ಮಗುವಲ್ಲ, ನಾನು. ಆದರೆ ಅದನ್ನು ಹೇಳಲಿಕ್ಕಾಗುವುದಿಲ್ಲವಲ್ಲ. ನನ್ನ ಬಾಯಿಯಲ್ಲಿ ಲೆಕ್ಕಾಚಾರ ತಿರುಗುಮುರುಗು. ಕೆಳಗಿನ ಸಾಲು ಮುಂದೆ, ಮೇಲಿನ ಸಾಲು ಹಿಂದೆ. ಗದ್ದ ನನಗಿಂತ ಒಂದು ಹೆಜ್ಜೆ ಮುಂದೆಯೇ ಮನೆಯೊಳಗೆ ಬರುತ್ತದೆ. ಚಿಕ್ಕವಳಿದ್ದಾಗ ಇದರಿಂದ ಆದ ದೊಡ್ಡ ನಷ್ಟವೆಂದರೆ ಕದ್ದು ತಿನ್ನಲಿಕ್ಕೆ ಆಗುತ್ತಿರಲಿಲ್ಲ. ಬೆಲ್ಲದ ಅಚ್ಚಿನ ಮೇಲೆ, ಪೇರಳೆಯ ಮೇಲೆ ಬಿದ್ದ ಕಚ್ಚಿನ ಗುರುತು ನೋಡಿಯೇ ನನ್ನ ಸೋದರಮಾವ ತೀರ್ಪು ಕೊಡುತ್ತಿದ್ದರು: "ಇದು ವಾರಿಜಳ ಕೆಲಸ. ಬೇರೆ ಯಾರ ಹಲ್ಲೂ ಈ ನಮೂನೆ ಇಲ್ಲ."

ಆ ಮಾವನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕುಂಬ್ರದಿಂದ ಸ್ವಲ್ಪ ಒಳಗೆ ನಮ್ಮ ಅಮ್ಮನ ಮನೆ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಹಾಗಾಗಿ ನಾನು ಬೆಳೆದದ್ದೂ ಅಲ್ಲಿಯೇ. ಮನೆಯ ಯಜಮಾನಿಕೆ ಅಮ್ಮನ ಅಣ್ಣ ಸಂಜೀವ ಮಾವನದು. ಒಳ್ಳೆಯ ಮನುಷ್ಯ. ಆದರೆ ಜಗತ್ತೆಲ್ಲ ಸೇರಿ ತನಗೆ ಟೋಪಿ ಹಾಕಲು ಹೊರಟಿದೆ ಎಂದು ನಂಬಿದ್ದವರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕುಟ್ಟಿ, ಮೂಸಿ ನೋಡದೆ ಒಡೆಯಲು ಬಿಡುತ್ತಿರಲಿಲ್ಲ. ನೆಂಟರು ಬಂದು "ಸುಮ್ಮನೆ ನೋಡಿ ಹೋಗುವ ಅಂತ ಬಂದೆ" ಎಂದರೆ, ಅವರು ಹೋಗುವವರೆಗೂ ಬಂದ ಉದ್ದೇಶವೇನೆಂದು ಯೋಚಿಸುತ್ತಲೇ ಇರುತ್ತಿದ್ದರು. ಜೋಡಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವುದರಲ್ಲಿ ಊರಲ್ಲೇ ಅವರಿಗೆ ಹೆಸರು.

ಅಮ್ಮನಿಗೆ ಗಂಡು ನೋಡಿದ್ದೂ ಅವರೇ. ಅಪ್ಪನ ಊರು ಕಡಬದ ಆಚೆ. ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು. ಸಂಪಾಜೆಯ ಒಂದು ಮರದ ಮಿಲ್ಲಿನಲ್ಲಿ ರೈಟರ್ ಕೆಲಸ, ಅಂದರೆ ಬಂದ ದಿಮ್ಮಿ, ಹೋದ ಹಲಗೆ ಬರೆದಿಡುವುದು. ಮಾವ ವರನನ್ನು ಅಂಗಳದಲ್ಲಿ ನಡೆಸಿದರಂತೆ, ಪೇಪರು ಓದಿಸಿದರಂತೆ, ಕೈಯ ಉಗುರು ನೋಡಿದರಂತೆ. ಒಂದೇ ಒಂದು ಸಂಗತಿ ಅವರಿಗೆ ಒಪ್ಪಿಗೆಯಾಗಲಿಲ್ಲ. ವರನಿಗೆ ಎದೆ ಮುಟ್ಟುವ ಗಡ್ಡ.

"ಇದೆಂತ ಗಡ್ಡ?" ಎಂದು ಕೇಳಿದ್ದಕ್ಕೆ, ಅಪ್ಪ ತಲೆ ತಗ್ಗಿಸಿ, "ಒಂದು ಹರಕೆ ಉಂಟು" ಎಂದರಂತೆ. ದೇವರ ಹೆಸರು ಬಂದ ಮೇಲೆ ಮಾವ ಮತ್ತೆ ಬಾಯಿ ಬಿಡಲಿಲ್ಲ. ಮದುವೆಯಾಯಿತು. ಗಡ್ಡ ಮಾತ್ರ ಉಳಿಯಿತು. ಅಪ್ಪ ಶನಿವಾರ ಸಂಜೆ ಸಂಪಾಜೆಯಿಂದ ಬಸ್ಸಿನಲ್ಲಿ ಬಂದು ಆದಿತ್ಯವಾರ ಸಂಜೆ ವಾಪಸು ಹೋಗುತ್ತಿದ್ದರು. ಆಗಾಗ ಮಾವ ಕೇಳುವುದಿತ್ತು: "ಹರಕೆ ಇನ್ನೂ ತೀರ್ಲಿಲ್ವಾ ಭಾವ?" ಅಪ್ಪ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು. "ಸಮಯ ಬರ್ಬೇಕು ಭಾವ."

ನನ್ನ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲು ಬಂದಾಗ ಕೆಳಗಿನವು ಮೇಲಿನವನ್ನು ದಾಟಿ ಮುಂದೆ ನಿಂತವು. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಮೂರನೆಯ ಕ್ಲಾಸಿಗೆ ಬರುವಾಗ ಗದ್ದವೂ ಹಲ್ಲನ್ನು ಹಿಂಬಾಲಿಸಿತ್ತು. ಶಾಲೆಯಲ್ಲಿ ಹುಡುಗರು ನನಗೆ "ಮೆಟ್ಟುಕತ್ತಿ" ಎಂದು ಹೆಸರಿಟ್ಟರು. ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಕೊಚ್ಚುವ ಕತ್ತಿ ನೋಡಿದವರಿಗೆ, ಅದರ ಮೂತಿ ಹೇಗೆ ಮುಂದಕ್ಕೆ ಬಾಗಿರುತ್ತದೆ ಎಂದು ಗೊತ್ತು. ಹೋಲಿಕೆ ಸರಿಯಾಗಿಯೇ ಇತ್ತು. ಅದೇ ಹೆಚ್ಚು ನೋಯಿಸುತ್ತಿತ್ತು.

ಅಳುತ್ತ ಮನೆಗೆ ಬಂದ ದಿನ ಮಾವ ನನ್ನನ್ನು ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿದರು. ತುಂಬ ಹೊತ್ತು ನೋಡಿದರು. ಕೊನೆಗೆ, "ಇದು ತನ್ನಷ್ಟಕ್ಕೆ ಆದದ್ದಲ್ಲ. ಇದಕ್ಕೆ ಏನೋ ಕಾರಣ ಉಂಟು" ಎಂದರು.

ಅಲ್ಲಿಂದ ತನಿಖೆ ಶುರು. ಮೊದಲ ಆರೋಪಿ ನನ್ನ ಹೆಬ್ಬೆರಳು. ನಾನು ಬೆರಳು ಚೀಪುವವಳಲ್ಲ ಎಂದು ಹೇಳಿದೆ. ಚೀಪುವವರು ಯಾರು ಒಪ್ಪಿಕೊಳ್ಳುತ್ತಾರೆ ಎಂದು ಮಾವನ ವಾದ. ಕಹಿಯಾದ ಕಿರಾತಕಡ್ಡಿ ಅರೆದು ಹೆಬ್ಬೆರಳಿಗೆ ಬಳಿದರು. ರಜೆಯ ದಿನ ಮಧ್ಯಾಹ್ನ ನಾನು ಮಲಗಿದರೆ ಅವರು ಬಾಗಿಲ ಸಂದಿಯಲ್ಲಿ ನಿಂತು ಕಾಯುವುದು. ನಾನು ಒಂದು ಕಣ್ಣು ಸ್ವಲ್ಪವೇ ತೆರೆದು ಅವರನ್ನು ಕಾಯುವುದು. ಇಬ್ಬರಿಗೂ ನಿದ್ದೆಯಿಲ್ಲ, ಸಾಕ್ಷಿಯೂ ಸಿಗಲಿಲ್ಲ. ಕಹಿ ಬೆರಳಲ್ಲಿ ಉಂಡು ಉಂಡು ಊಟ ಸೇರದಾಯಿತು ಅಷ್ಟೆ.

ನನ್ನ ಕ್ಲಾಸಿನ ಮೋನಪ್ಪ ನಿಜವಾಗಿಯೂ ಬೆರಳು ಚೀಪುವವನು. ಅವನಿಗೆ ಮೇಲಿನ ಹಲ್ಲು ಗೂಡಿನಿಂದ ಇಣುಕುವ ಮರಿಗಳ ಹಾಗೆ ಹೊರಗೆ ಬಂದಿತ್ತು. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಅವನ ಅಪರಾಧಿ ಅವನ ಕೈಯಲ್ಲೇ ಇದ್ದ. ನನ್ನದು ಎಲ್ಲಿ ಅಡಗಿದೆ ಎಂದು ಯಾರಿಗೂ ತಿಳಿಯದು. ಸ್ಲೇಟಿನ ಮೂಲೆ ಕಚ್ಚುತ್ತೇನೆಂದು ಸ್ಲೇಟಿನ ಮೇಲೆ ಗುಮಾನಿ ಬಂತು. ಓದುವಾಗ ಗದ್ದಕ್ಕೆ ಕೈ ಕೊಡುತ್ತೇನೆಂದು ಕೈಯ ಮೇಲೆ ಬಂತು. ಶೀತವಾದಾಗ ಬಾಯಿ ತೆರೆದು ಉಸಿರಾಡುತ್ತೇನೆಂದು ಮೂಗಿನ ಮೇಲೆ ಬಂತು. ಅಲುಗಾಡುತ್ತಿದ್ದ ನನ್ನ ಹಾಲುಹಲ್ಲನ್ನು ನೂಲು ಕಟ್ಟಿ ಎಳೆದವರು ಮಾವನೇ. ಅದು ಅವಸರವಾಯಿತೋ ಏನೋ ಎಂದು ಅಮ್ಮ ಮೆಲ್ಲಗೆ ಹೇಳಿದಾಗ ಮಾತ್ರ ಅವರು, "ಅದೆಲ್ಲ ಸಾಧ್ಯ ಇಲ್ಲ" ಎಂದು ಆ ಕಡತವನ್ನು ಮುಚ್ಚಿಬಿಟ್ಟರು.

ಕೊನೆಗೆ ಪುತ್ತೂರಿಗೆ ಹೋದೆವು. ಅಮ್ಮ, ಮಾವ, ನಾನು. ಹಲ್ಲಿನ ಡಾಕ್ಟರು ಪ್ರಾಯ ಸಂದವರು, ಮಾತು ನಿಧಾನ. ನನ್ನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಮೆತ್ತಗೆ ಗದ್ದ ಒತ್ತಿ ನೋಡಿದರು. ಬೆರಳು ಚೀಪಿದರೆ ಮೇಲಿನ ಹಲ್ಲು ಮುಂದೆ ಬರುತ್ತದೆ, ಕೆಳಗಿನದು ಹೀಗೆ ಬರುವುದಿಲ್ಲ ಎಂದರು. ನಾನು ಮಾವನ ಮುಖ ನೋಡಿದೆ. ಮಾವ ಗೋಡೆಯ ಕ್ಯಾಲೆಂಡರ್ ನೋಡಿದರು.

"ಇದು ಹೆಚ್ಚಾಗಿ ಮನೆತನದಲ್ಲಿ ಬರುದು. ನಿಮ್ಮಲ್ಲಿ ಯಾರಿಗಾದ್ರೂ ಉಂಟಾ?" ಎಂದು ಡಾಕ್ಟರು ಕೇಳಿದರು.

"ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ." ಮಾವನ ದನಿ ಹೊರಗಿನ ಬೆಂಚಿಗೂ ಕೇಳಿಸಿರಬೇಕು.

"ತಂದೆಯ ಕಡೆ?"

ಅಮ್ಮ ಕಿಟಕಿಯ ಕಡೆ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಲ್ಲ" ಎಂದಳು.

ಡಾಕ್ಟರು ಸ್ವಲ್ಪ ಯೋಚಿಸಿದರು. ಹಾಗಾದರೆ ಅಭ್ಯಾಸದಿಂದ ಇರಬಹುದು, ಕೆಲವು ಮಕ್ಕಳು ಕೆಳದವಡೆಯನ್ನು ಮುಂದೆ ತಳ್ಳಿ ಆಡುತ್ತಿರುತ್ತಾರೆ, ಯಾರದ್ದಾದರೂ ನಕಲು ಮಾಡುವುದೂ ಉಂಟು, ಮನೆಯಲ್ಲಿ ಗಮನಿಸಿ, ಆರು ತಿಂಗಳು ಬಿಟ್ಟು ಬನ್ನಿ ಎಂದರು.

ಬಸ್ಸಿನಲ್ಲಿ ಬರುವಾಗ ಮಾವ ನನ್ನ ಗದ್ದವನ್ನೇ ನೋಡುತ್ತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ನಿಂತರು. ಜಗಲಿಯಲ್ಲಿ ಅಜ್ಜಿ ಕೂತಿದ್ದಳು, ಅವರ ಅಮ್ಮ. ಅಜ್ಜಿಗೆ ಒಂದು ಹಲ್ಲೂ ಇರಲಿಲ್ಲ. ಎಲೆ ಅಡಿಕೆಯನ್ನು ಸಣ್ಣ ಕಲ್ಲಿನಲ್ಲಿ ಗುದ್ದಿ ಹಾಕಿಕೊಂಡು ಮೆಲ್ಲುತ್ತಿದ್ದಳು. ಮೆಲ್ಲುವಾಗ ವಸಡಿಗೆ ವಸಡು ತಾಗಿ, ಗದ್ದ ಮೇಲೆದ್ದು ಮೂಗಿನ ಹತ್ತಿರಕ್ಕೆ ಬಂದು ಹೋಗುತ್ತಿತ್ತು.

"ಸಿಕ್ಕಿತು" ಎಂದರು ಮಾವ.

ನಿಜ ಹೇಳಬೇಕೆಂದರೆ ನಾನು ಅಜ್ಜಿಯ ನಕಲು ಮಾಡುತ್ತಿದ್ದದ್ದು ಹೌದು. ಶಾಲೆ ಬಿಟ್ಟು ಬಂದ ಮೇಲೆ ನನ್ನ ಜಾಗ ಅವಳ ಮಗ್ಗುಲು. ಅವಳು ಎಲೆ ಅಡಿಕೆ ಮೆಲ್ಲುವಾಗ ನಾನು ಬೆಲ್ಲದ ಚೂರು ಬಾಯಿಗಿಟ್ಟುಕೊಂಡು ಅವಳ ಹಾಗೆಯೇ ಗದ್ದ ಆಡಿಸುತ್ತಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುವುದು. ಮನೆಯವರೆಲ್ಲ ಅದನ್ನು ನೋಡಿ ನಕ್ಕವರೇ. ಈಗ ಆ ನಗುವೇ ಸಾಕ್ಷಿಯಾಯಿತು.

"ಇನ್ನು ಮಗು ಅಜ್ಜಿಯ ಹತ್ತಿರ ಕೂತ್ಕೊಳ್ಳುದು ಬೇಡ" ಎಂದು ಮಾವ ಹೇಳಿದರು. "ಊಟ ಸಹ ಬೇರೆ ಹೊತ್ತಿಗೆ."

ಅಜ್ಜಿ ಮೆಲ್ಲುವುದನ್ನು ನಿಲ್ಲಿಸಿದಳು. "ನನ್ನ ಬಾಯಿ ನೋಡಿ ಮಗುವಿನ ಬಾಯಿ ಹಾಳಾಯ್ತಾ? ಡಾಕ್ಟ್ರು ಹೇಳಿದ್ರಾ?"

"ಹೇಳಿದ ಹಾಗೇ."

ಅಜ್ಜಿ ಅಮ್ಮನ ಕಡೆ ನೋಡಿದಳು. ಅಮ್ಮ ಚೀಲ ಹಿಡಿದುಕೊಂಡು ಒಳಗೆ ಹೋದಳು.

"ಹಾಗಾದ್ರೆ ಬೇಡಪ್ಪ" ಎಂದು ಅಜ್ಜಿ ತನ್ನ ಎಲೆಯ ತಟ್ಟೆ ಎತ್ತಿಕೊಂಡು ಜಗಲಿಯ ಆಚೆ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು.

ಆಮೇಲಿನ ದಿನಗಳಲ್ಲಿ ಮಾವನ ಕಣ್ಣು ತಪ್ಪಿಸಿ ನಾನು ಅಜ್ಜಿಯ ಹತ್ತಿರ ಹೋಗಿದ್ದುಂಟು. ಅವಳೇ ಎದ್ದು ಹೋಗುತ್ತಿದ್ದಳು. ಮಾತಾಡಿದರೂ ಸೆರಗು ಬಾಯಿಗೆ ಹಿಡಿದು ಎರಡು ಮಾತು. ನಗುವುದನ್ನಂತೂ ಬಿಟ್ಟೇಬಿಟ್ಟಳು. ಯಾರ ಅಪ್ಪಣೆಯೂ ಇಲ್ಲದೆ ಅವಳು ತನ್ನ ಮೇಲೆ ತಾನೇ ಗುಮಾನಿ ಪಟ್ಟುಕೊಂಡಿದ್ದಳು. ಆ ಮನೆಯಲ್ಲಿ ಮಾವನ ಗುಮಾನಿಗೆ ನಾವೆಲ್ಲ ಒಗ್ಗಿಹೋಗಿದ್ದೆವು. ಅಜ್ಜಿಯದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಗಂಜಿ ಊಟಕ್ಕೂ ಎಲ್ಲರದ್ದೂ ಆದ ಮೇಲೆ ಒಬ್ಬಳೇ ಅಡಿಗೆಮನೆಯ ಮೂಲೆಯಲ್ಲಿ ಕೂರುವಳು. ನಾನು ನನ್ನ ಗದ್ದವನ್ನು ಕೈಯಲ್ಲಿ ಹಿಂದಕ್ಕೆ ಒತ್ತಿ ಒತ್ತಿ ನೋಡುತ್ತಿದ್ದೆ. ಅದು ಒಳಗೆ ಹೋದರೆ ಅಜ್ಜಿ ಹತ್ತಿರ ಬರುತ್ತಾಳೆ ಎಂದು ನನ್ನ ಲೆಕ್ಕ.

ಆ ಶನಿವಾರ ಅಪ್ಪ ಬಂದರು. ಕೈಕಾಲು ತೊಳೆದು ಜಗಲಿಯಲ್ಲಿ ಕೂತು ಅತ್ತಿತ್ತ ನೋಡಿದರು.

"ಅತ್ತೆ ಯಾಕೆ ಅಲ್ಲಿ ಗೋಡೆ ನೋಡಿಕೊಂಡು ಕೂತಿದ್ದಾರೆ?"

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ಮಾವ ಕಂಡುಹಿಡಿದದ್ದು. ಅಪ್ಪ ಗಡ್ಡದ ಮೇಲೆ ಕೈಯಾಡಿಸುತ್ತ ಕೇಳಿದರು.

"ಡಾಕ್ಟ್ರು ನಮ್ಮ ಕಡೆಯದ್ದು ಕೇಳ್ಲಿಲ್ವಾ?"

"ಕೇಳಿದ್ರು. ಅಮ್ಮ ಇಲ್ಲ ಅಂತ ಹೇಳಿದ್ಳು."

ಗಡ್ಡದ ಮೇಲಿನ ಕೈ ನಿಂತಿತು. ಮರುದಿನ ಹೊರಡುವಾಗ ಅಪ್ಪ ಅಜ್ಜಿಯ ಹತ್ತಿರ ಹೋಗಿ ಏನೋ ಹೇಳಲಿಕ್ಕೆ ನೋಡಿದರು. ಅಜ್ಜಿ ಅಭ್ಯಾಸದಂತೆ ಸೆರಗು ಬಾಯಿಗೆ ಹಿಡಿದಳು. ಅಪ್ಪ ಸುಮ್ಮನೆ ವಾಪಸು ಬಂದರು.

ಮುಂದಿನ ಶನಿವಾರ ಸಂಜೆ ನಾನು ಅಂಗಳದಲ್ಲಿ ಕೂತು ಮಗ್ಗಿ ಹೇಳುತ್ತಿದ್ದೆ. ಗದ್ದೆಯ ಹುಣಿಯ ಮೇಲೆ ಯಾರೋ ಬರುತ್ತಿರುವುದು ಕಾಣಿಸಿತು. ನಡಿಗೆ ಅಪ್ಪನದ್ದು, ಚೀಲ ಅಪ್ಪನದ್ದು, ಮುಖ ಯಾರದ್ದೋ. ಕೆನ್ನೆಯ ಮೇಲ್ಭಾಗ ಕಪ್ಪು, ಕೆಳಗೆಲ್ಲ ಬಿಸಿಲು ಕಾಣದ ಬಿಳಿಚು ಬಣ್ಣ. ಮೀಸೆಯೂ ಇಲ್ಲ. ಹತ್ತಿರ ಬಂದಾಗ ನೋಡಿದೆ. ಕೆಳತುಟಿ ಮೇಲ್ತುಟಿಯನ್ನು ದಾಟಿ ನಿಂತಿತ್ತು. ಅದರ ಕೆಳಗೆ ಗದ್ದ, ನಾನು ದಿನವೂ ಕನ್ನಡಿಯಲ್ಲಿ ನೋಡುವ ಗದ್ದ.

ಅಪ್ಪ ನನ್ನ ಹತ್ತಿರ ನಿಲ್ಲಲಿಲ್ಲ. ನೇರ ಜಗಲಿಗೆ ಹೋಗಿ ಅಜ್ಜಿಯ ಎದುರು ನೆಲದಲ್ಲೇ ಕೂತರು. ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ಚೌಕಟ್ಟು ಹಿಡಿದು ನಿಂತಳು. ಮಾವ ಒಳಗಿನಿಂದ ಬಂದವರು ಯಾರೋ ಹೊರಗಿನವರೆಂದು "ಯಾರು?" ಎಂದು ಕೇಳಿಯೇ ಬಿಟ್ಟರು. ಗುರುತು ಹತ್ತಿದ ಮೇಲೆ, "ಓ, ಭಾವ! ಹರಕೆ ತೀರಿತಾ?" ಎಂದರು.

"ಹರಕೆ ಇರ್ಲಿಲ್ಲ ಭಾವ" ಎಂದರು ಅಪ್ಪ.

ಅಪ್ಪ ಅಜ್ಜಿಯ ಕಡೆಗೇ ತಿರುಗಿ ಹೇಳಿದರು. "ಅತ್ತೆ, ಮಗುವಿಗೆ ಬಂದದ್ದು ನಿಮ್ಮಿಂದ ಅಲ್ಲ, ನನ್ನಿಂದ. ಈ ಮುಖ ನೋಡಿ ಮೂರ್ನಾಲ್ಕು ಮನೆಯವರು ಹೆಣ್ಣು ಕೊಡ್ಲಿಲ್ಲ. ಮತ್ತೆ ಗಡ್ಡ ಬಿಟ್ಟೆ. ನಿಮ್ಮ ಮನೆಗೆ ಬರುವಾಗ ಸುಳ್ಳು ಹೇಳಿದೆ."

ಮಾವನ ಮುಖ ಕೆಂಪಾಯಿತು. ಎತ್ತಿನ ಹಲ್ಲು ನೋಡಿ ಪ್ರಾಯ ಹೇಳುವ ಮನುಷ್ಯ, ಸ್ವಂತ ತಂಗಿಯ ಗಂಡನ ದವಡೆ ನೋಡದೆ ಹೋದದ್ದು ಅವರಿಗೆ ತಡೆಯಲಾಗಲಿಲ್ಲ. "ಇದು ಮೋಸ ಅಲ್ವಾ? ನಮ್ಮನ್ನು ಎಂತ ಅಂತ ತಿಳ್ಕೊಂಡಿದ್ದೀರಿ ನೀವು? ಇನ್ನೆಂತೆಂತ ಅಡಗಿಸಿ ಇಟ್ಟಿದ್ದೀರೋ!"

"ಸಂಜೀವ, ಸಾಕು." ಅಜ್ಜಿಯ ದನಿ ದೊಡ್ಡದಿರಲಿಲ್ಲ. ಸೆರಗು ಬಾಯಿಯಿಂದ ಇಳಿದಿತ್ತು. "ಇಷ್ಟು ವರ್ಷದಲ್ಲಿ ಆ ಬಾಯಿಯಿಂದ ಒಂದು ಕೆಟ್ಟ ಮಾತು ಬಂದದ್ದು ನಾನು ಕೇಳ್ಲಿಲ್ಲ. ಅದು ಮುಂದೆ ಉಂಟಾ ಹಿಂದೆ ಉಂಟಾ ಅಂತ ಅಳೀಲಿಕ್ಕೆ ನನಗೆ ಪುರುಸೊತ್ತಿಲ್ಲ." ಆಮೇಲೆ ಅಪ್ಪನಿಗೆ, "ನೀವು ಏಳಿ, ಕೈಕಾಲು ತೊಳೀರಿ. ಚಾ ಆಗಿದೆ" ಎಂದಳು. ನನ್ನನ್ನು ನೋಡಿ ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು. ನಾನು ಓಡಿದೆ.

ಅಪ್ಪ ತಮ್ಮ ಮುಖವನ್ನು ಹರಾಜಿಗಿಟ್ಟ ಹಾಗೆ ಆ ಜಗಲಿಯಲ್ಲಿ ಕೂತದ್ದು ಎಷ್ಟು ಕಷ್ಟದ ಕೆಲಸವೆಂದು ಆಗ ನನಗೆ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಗುಮಾನಿ ಹುಳದ ಹಾಗೆ ಕೊರೆಯುತ್ತಿತ್ತು. ಮರುದಿನ ಬೆಳಿಗ್ಗೆ ಅಮ್ಮ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ ಕೇಳಿಯೇಬಿಟ್ಟೆ.

"ಅಮ್ಮ, ನಿನಗೆ ಗೊತ್ತಿತ್ತಾ?"

ಅಮ್ಮ ಬಟ್ಟೆ ಹಿಂಡುತ್ತಲೇ ಹೇಳಿದಳು: "ಹೌದು."

"ಮತ್ತೆ ಡಾಕ್ಟ್ರ ಹತ್ರ ಇಲ್ಲ ಅಂತ ಹೇಳಿದ್ದು?"

"ನಿನ್ನ ಮಾವ ಪಕ್ಕದಲ್ಲೇ ಇದ್ರಲ್ಲ. ಮದುವೆ ಆದ ಮರುದಿನ ನಿನ್ನ ಅಪ್ಪ ಹೇಳಿ ಕೈ ಹಿಡ್ಕೊಂಡು ಕೇಳಿಕೊಂಡಿದ್ರು, ಯಾರಿಗೂ ಹೇಳ್ಬೇಡ ಅಂತ. ಮಾತು ಕೊಟ್ಟಿದ್ದೆ." ಹಿಂಡಿದ ಸೀರೆಯನ್ನು ಕೊಡವಿದಳು. "ನನ್ನ ಅಮ್ಮನನ್ನು ಗೋಡೆಗೆ ಮುಖ ಮಾಡಿಸ್ತಾರೆ ಅಂತ ನನಗೇನು ಗೊತ್ತಿತ್ತು?" ನಾನು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ.

ಹಲ್ಲಿನ ಕತೆ ಏನಾಯಿತೆಂದು ನೀವು ಕೇಳಬಹುದು. ಪುತ್ತೂರಿನ ಡಾಕ್ಟರು ಅಪ್ಪನನ್ನು ಕಂಡದ್ದೇ, "ಇದನ್ನು ಮೊದಲೇ ಹೇಳ್ಬಾರ್ದಿತ್ತಾ?" ಎಂದು ನಕ್ಕು ಮಂಗಳೂರಿಗೆ ಕಳಿಸಿದರು. ಅಲ್ಲಿ ತಲೆಗೂ ಗದ್ದಕ್ಕೂ ಸೇರಿಸಿ ಬಿಗಿಯುವ ಒಂದು ಪಟ್ಟಿ ಕೊಟ್ಟರು. ಮನೆಯಲ್ಲಿರುವಾಗಲೆಲ್ಲ ಕಟ್ಟಿಕೊಳ್ಳಬೇಕು. ಮಾವ ಅದರ ಬಕಲನ್ನು ದಿನಕ್ಕೊಮ್ಮೆ ಪರೀಕ್ಷಿಸುತ್ತಿದ್ದರು, ನಾನು ಸಡಿಲಿಸಿದ್ದೇನೆಂಬ ಗುಮಾನಿಯಲ್ಲಿ. ಸಡಿಲಿಸುತ್ತಿದ್ದೆ ಕೂಡ. ಒಂದಷ್ಟು ಗುಣ ಕಂಡಿತೇನೋ. ಆಮೇಲೆ ಉದ್ದ ಬೆಳೆಯುವ ಪ್ರಾಯ ಬಂತು, ನನ್ನೊಟ್ಟಿಗೆ ದವಡೆಯೂ ಬೆಳೆದು ಮತ್ತೆ ತನ್ನ ಹಳೆಯ ಜಾಗಕ್ಕೇ ಹೋಗಿ ನಿಂತಿತು. ಅಪ್ಪ ಮತ್ತೆ ಗಡ್ಡ ಬಿಡಲಿಲ್ಲ. ಮಾವ ಮಾತ್ರ ತುಂಬ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಊರಲ್ಲಿ ಗಡ್ಡದವರು ಯಾರು ಎದುರಾದರೂ ನಿಂತು ಒಂದು ಸಲ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಅಪ್ಪ ಗಡ್ಡ ತೆಗೆದು ಬಂದ ಮಾರನೆಯ ಸಂಜೆ. ಆದಿತ್ಯವಾರ. ಅವರನ್ನು ಬಸ್ಸಿಗೆ ಬಿಡಲು ನಾನೂ ಕುಂಬ್ರದವರೆಗೆ ನಡೆದು ಹೋದೆ. ದಾರಿಯುದ್ದಕ್ಕೂ ಅಪ್ಪನ ಕೈ ಇಲ್ಲದ ಗಡ್ಡವನ್ನು ಹುಡುಕಿಕೊಂಡು ಮೇಲೆ ಹೋಗುವುದು, ಖಾಲಿ ಕೆಳಗೆ ಬರುವುದು. ಯಾರು ಎದುರು ಬಂದರೂ ಅವರು ಏನು ನೋಡುತ್ತಾರೆ ಎಂದು ಅಪ್ಪ ನೋಡುವುದು. ಕೂಡುರಸ್ತೆಯ ಅಂಗಡಿಯ ಬ್ಯಾರಿ ಸಾಹೇಬರು ಬೀಡಿಯ ಕಟ್ಟು ಕೆಳಗಿಟ್ಟು ನಮ್ಮಿಬ್ಬರನ್ನೂ ಮತ್ತೆ ಮತ್ತೆ ನೋಡಿದರು.

"ಓ, ರೈಟರಾ! ನನಗೆ ಗುರ್ತೇ ಸಿಗ್ಲಿಲ್ಲ ಮಾರಾಯ್ರೆ. ಇದು ನಿಮ್ಮ ಮಗಳಾ? ಇನ್ನು ಕೇಳ್ಬೇಕಂತಲೇ ಇಲ್ಲ."

ಅವರು ಹೊಗಳಿದರೋ, ಗೇಲಿ ಮಾಡಿದರೋ ಎಂದು ಅಪ್ಪನಿಗೆ ತಿಳಿಯಲಿಲ್ಲವೆಂದು ತೋರುತ್ತದೆ. ನನ್ನನ್ನು ಹತ್ತಿರದ ಮರದ ನೆರಳಿಗೆ ಕರೆದುಕೊಂಡು ಹೋಗಿ ನಿಂತರು.

"ನಿನಗೆ ನನ್ನ ಮೇಲೆ ಸಿಟ್ಟು ಉಂಟಾ?"

ನಾನು ಯೋಚಿಸಿದೆ. "ನಿಮಗೆ ಯಾರಿಂದ ಬಂದದ್ದು?"

"ನನ್ನ ಅಮ್ಮನಿಂದ."

ಕಡಬದ ಆ ಅಜ್ಜಿಯನ್ನು ನಾನು ನೋಡಿದವಳಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರು ಹೋಗಿದ್ದರು. ಅಪ್ಪ ಅವರ ಬಗ್ಗೆ ಮಾತಾಡಿದ್ದನ್ನೂ ಕೇಳಿರಲಿಲ್ಲ.

"ಅವರ ಫೋಟೊ ಉಂಟಾ?"

"ಇಲ್ಲ. ಯಾರಿಗೂ ತೆಗೀಲಿಕ್ಕೆ ಬಿಡ್ಲಿಲ್ಲ." ಅಪ್ಪ ರಸ್ತೆಯ ಕಡೆ ನೋಡುತ್ತಿದ್ದರು. "ನಿನಗೆ ಹೊಸ ಹಲ್ಲು ಬರುವಾಗಲೇ ನನಗೆ ಗುಮಾನಿ ಇತ್ತು. ಶನಿವಾರ ಬಂದಾಗಲೆಲ್ಲ ಕದ್ದು ನೋಡ್ತಿದ್ದೆ. ಹೆದರಿಕೆ ಆಗ್ತಿತ್ತು. ಆದ್ರೆ ಒಂದೊಂದು ಸಲ, ನೀನು ಊಟಕ್ಕೆ ಕೂತಾಗ ಈ ಕಡೆಯಿಂದ ನೋಡಿದ್ರೆ..."

ಅಷ್ಟರಲ್ಲಿ ಪುತ್ತೂರಿನ ಕಡೆಯಿಂದ ಬಸ್ಸು ಹಾರನ್ ಹೊಡೆಯುತ್ತ ಬಂದು ನಿಂತಿತು. ಕಂಡಕ್ಟರ್ "ಸುಳ್ಯ, ಸಂಪಾಜೆ" ಎಂದು ಕೂಗಿದ. ಅಪ್ಪ ನನ್ನ ಕೆನ್ನೆ ಮುಟ್ಟಿ, ಚೀಲ ಎತ್ತಿಕೊಂಡು ಹತ್ತಿದರು. ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ಅವರು ತಿರುಗಿ ನೋಡಿದರು. ಸಂಜೆಯ ಬಿಸಿಲು ಅವರ ಬರಿಯ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ನಾನು ಇದ್ದಬದ್ದ ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ. ಒಂದು ಕ್ಷಣ ತಡೆದು, ಅಪ್ಪನೂ ಬಾಯಿ ತೆರೆದು ನಕ್ಕರು. ಅವರ ಕೆಳಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.